ತೆರೆಮರೆಯ ಕಥೆಗಳನ್ನು ಪರೀಕ್ಷಿಸಿ ಬರೆಯುವ ಬಗೆ: ‘ಸೈಕೋ’ ಚಿತ್ರದ ನಿದರ್ಶನ

ಹಳೆಯ ಥ್ರಿಲ್ಲರ್ ಚಿತ್ರವೊಂದರ ತಯಾರಿಕೆಯ ಬಗ್ಗೆ ಬರೆಯಹೊರಟವರಿಗೆ ಕಥೆಗಳ ಕೊರತೆ ಇರುವುದಿಲ್ಲ. ಅವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದೇ ತೊಡಕು. ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 1960ರ ‘ಸೈಕೋ’ ಚಿತ್ರದಲ್ಲಿ ದಂತಕಥೆಗಳೂ ಹೇರಳ, ಅವುಗಳನ್ನು ಒರೆಗೆ ಹಚ್ಚಲು ಸಿಗುವ ಸಾಕ್ಷ್ಯಗಳೂ ಹೇರಳವಾಗಿರುವುದರಿಂದ ಕೈ ಪಳಗಿಸಿಕೊಳ್ಳಲು ಅದು ತಕ್ಕ ಚಿತ್ರವಾಗಿದೆ.

ಮೊದಲು ಹಣಕಾಸು ಮತ್ತು ದಿನಾಂಕಗಳನ್ನು ಒಂದೆಡೆ ಬರೆದಿಟ್ಟುಕೊಳ್ಳಿ. ಸುಮಾರು 8 ಲಕ್ಷ ಡಾಲರ್ ವೆಚ್ಚದಲ್ಲಿ, ಹಿಚ್‌ಕಾಕ್‌ರ ಟೆಲಿವಿಷನ್ ಸರಣಿಯಲ್ಲಿ ದುಡಿಯುತ್ತಿದ್ದ ತಂತ್ರಜ್ಞರನ್ನೇ ಬಹುಮಟ್ಟಿಗೆ ಬಳಸಿಕೊಂಡು, 1959ರ ನವೆಂಬರ್‌ನಿಂದ 1960ರ ಫೆಬ್ರವರಿ ಆರಂಭದವರೆಗೆ ಚಿತ್ರೀಕರಣ ನಡೆಯಿತು. ಇಷ್ಟು ತಿಳಿದರೆ ಚಿತ್ರ ಕಪ್ಪುಬಿಳುಪಿನಲ್ಲಿ ಏಕಿದೆ ಎಂಬುದಕ್ಕೆ ಅರ್ಧ ಉತ್ತರ ಸಿಗುತ್ತದೆ. ಬಣ್ಣದಲ್ಲಿ ರಕ್ತವನ್ನು ತೋರಿಸಿದರೆ ದೃಶ್ಯ ಅಸಹ್ಯವಾದೀತೆಂಬ ನಿರ್ದೇಶಕರ ಎಣಿಕೆ ಉಳಿದರ್ಧ. ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದರೆಂಬ ಕಥೆ ಉತ್ಪ್ರೇಕ್ಷೆಯಂತೆ ಕೇಳಿಸಿದರೂ ನಿಜವೇ, ಏಕೆಂದರೆ ಕಪ್ಪುಬಿಳುಪಿನಲ್ಲಿ ದ್ರವದ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ, ಅದರ ಗಾಢತೆ ಮಾತ್ರ ಮುಖ್ಯ.

ದಿನಾಂಕಗಳು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಷವರ್‌ನಡಿ ಸ್ನಾನ ಮಾಡುತ್ತಿರುವ ನಾಯಕಿಯನ್ನು ಚಾಕುವಿನಿಂದ ಇರಿದು ಕೊಲ್ಲುವ ದೃಶ್ಯವನ್ನು 1959ರ ಕ್ರಿಸ್‌ಮಸ್‌ಗೆ ಮುಂಚಿನ ದಿನಗಳಲ್ಲಿ ಚಿತ್ರೀಕರಿಸಲಾಯಿತು. ಆಗ ನಟ ಆಂಥೊನಿ ಪರ್ಕಿನ್ಸ್ ರಂಗನಾಟಕವೊಂದರ ತಾಲೀಮಿಗಾಗಿ ನ್ಯೂಯಾರ್ಕ್‌ನಲ್ಲಿದ್ದರು, ಚಾಕು ಹಿಡಿದದ್ದು ಡೂಪ್. ಆದ್ದರಿಂದ ಆ ಸೆಟ್ಟಿನಲ್ಲಿ ಪರ್ಕಿನ್ಸ್ ಹೇಗೆ ನಡೆದುಕೊಂಡರೆಂದು ವರ್ಣಿಸುವ ಯಾವ ಕಥೆಯನ್ನಾದರೂ ಮರುಯೋಚನೆಯಿಲ್ಲದೆ ಬದಿಗಿಡಬಹುದು.

ಮುಂದಿನ ಕೆಲಸ, ಕಥೆಯನ್ನು ಹೇಳಿದವರು ಯಾರು ಮತ್ತು ಆಗ ಅವರು ಎಲ್ಲಿದ್ದರು ಎಂದು ಕೇಳುವುದು. ನಟಿ ಜಾನೆಟ್ ಲೀ ನಿಜವಾಗಿಯೂ ಬೆಚ್ಚಿ ಕಿರುಚಲೆಂದು ಹಿಚ್‌ಕಾಕ್ ದಿಢೀರನೆ ತಣ್ಣೀರು ಬಿಡಿಸಿದರೆಂಬ ಮಾತು ದಶಕಗಳಿಂದ ಓಡಾಡುತ್ತಿದೆ. ನೀರಿನಡಿ ನಿಂತಿದ್ದ ಲೀ ಅದನ್ನು ನಿರಾಕರಿಸಿದ್ದಲ್ಲದೆ, ಮೈಯನ್ನು ಮರೆಮಾಡಲು ಅಂಟಿಸಿದ್ದ ಬಟ್ಟೆಯ ತುಂಡುಗಳು ನೀರಿನ ಬಿಸಿಗೆ ಕಳಚತೊಡಗಿದ್ದನ್ನೂ ನೆನಪಿಸಿಕೊಂಡಿದ್ದಾರೆ. ನಾಟಕೀಯತೆಗೆ ಏನನ್ನೂ ಕೂಡಿಸದ ಇಂಥ ಪುಟ್ಟ ವಿವರವೇ ಹೆಚ್ಚು ನಂಬಲರ್ಹ. ನಟಿಯ ಅಭಿನಯವನ್ನು ತಣ್ಣೀರಿನ ಲೆಕ್ಕಕ್ಕೆ ಬರೆಯುವ ಕಥೆ ಆಕೆಗೆ ಮಾಡುವ ಅನ್ಯಾಯವೂ ಹೌದು.

ಎಲ್ಲ ವಿವಾದಗಳೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಶೀರ್ಷಿಕೆಗಳನ್ನು ವಿನ್ಯಾಸಗೊಳಿಸಿದ ಸಾಲ್ ಬಾಸ್ ಷವರ್ ದೃಶ್ಯದ ಸ್ಟೋರಿಬೋರ್ಡ್‌ಗಳನ್ನು, ಅಂದರೆ ಒಂದೊಂದು ಶಾಟ್ ಹೇಗಿರಬೇಕೆಂದು ಮೊದಲೇ ತೋರಿಸುವ ರೇಖಾಚಿತ್ರಗಳನ್ನು, ಬರೆದರು, ಚಿತ್ರದ ಶ್ರೇಯಪಟ್ಟಿಯಲ್ಲಿ ದೃಶ್ಯಸಲಹೆಗಾರರೆಂಬ (ಪಿಕ್ಟೋರಿಯಲ್ ಕನ್ಸಲ್ಟೆಂಟ್) ಸ್ಥಾನವನ್ನೂ ಪಡೆದರು, ಬಹುಕಾಲದ ನಂತರ ಆ ದೃಶ್ಯವನ್ನು ನಿರ್ದೇಶಿಸಿದ್ದೂ ತಾವೇ ಎಂದರು. ಲೀ ಮತ್ತು ಸಹಾಯಕ ನಿರ್ದೇಶಕ ಹಿಲ್ಟನ್ ಗ್ರೀನ್ ಇದನ್ನು ಸ್ಪಷ್ಟವಾಗಿ ಅಲ್ಲಗಳೆದರು. ಇಲ್ಲಿ ಸ್ಟೋರಿಬೋರ್ಡ್‌ಗಳನ್ನು ಮುಂದಿಟ್ಟುಕೊಂಡು ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ: ಹೊಂದುವ ಶಾಟ್‌ಗಳು ಬಾಸ್‌ರ ಯೋಜನೆಯ ಪಾಲು ಎಷ್ಟು ದೊಡ್ಡದೆಂಬುದನ್ನು ತೋರಿಸುತ್ತವೆ, ಆದರೆ ಸೆಟ್ಟಿನಲ್ಲಿ ನಿರ್ದೇಶಿಸಿದವರು ಯಾರೆಂಬುದನ್ನು ಹೇಳಲಾರವು. ಆ ಪ್ರಶ್ನೆಗೆ ಅಲ್ಲಿದ್ದವರ ಮಾತೇ ಆಧಾರವಾದ್ದರಿಂದ ನನ್ನ ಒಲವು ಲೀ ಮತ್ತು ಗ್ರೀನ್ ಕಡೆಗಿದೆ.

ಸಂಗೀತದ ಕಥೆಯನ್ನು ಪರೀಕ್ಷಿಸುವ ದಾರಿ ಬೇರೆ. ಕೊಲೆಯ ದೃಶ್ಯಕ್ಕೆ ಸಂಗೀತ ಬೇಡವೆಂದಿದ್ದ ಹಿಚ್‌ಕಾಕ್, ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳಿಗಷ್ಟೇ ರಚಿಸಿದ ಸಂಗೀತವನ್ನು ಕೇಳಿ ಮನಸ್ಸು ಬದಲಿಸಿದರು. ಅದೇ ದೃಶ್ಯವನ್ನು ಒಮ್ಮೆ ಧ್ವನಿ ನಿಲ್ಲಿಸಿ, ಮತ್ತೊಮ್ಮೆ ಧ್ವನಿಯೊಂದಿಗೆ ನೋಡಿದರೆ ಆ ಬದಲಾವಣೆಯ ಬೆಲೆ ಅರಿವಾಗುತ್ತದೆ. ಚಿತ್ರ ಆರಂಭವಾದ ಮೇಲೆ ಪ್ರೇಕ್ಷಕರನ್ನು ಒಳಗೆ ಬಿಡಬಾರದೆಂಬ ನಿಯಮದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅಂದಿನ ಜಾಹೀರಾತುಗಳೇ ಅದಕ್ಕೆ ಸಾಕ್ಷಿ.

ಬರೆಯುವಾಗ ಖಚಿತವಾದದ್ದನ್ನು ನೇರವಾಗಿ ಹೇಳಿ, ವಿವಾದದಲ್ಲಿರುವುದನ್ನು ಹೇಳಿದವರ ಹೆಸರಿನೊಂದಿಗೆ ಕೊಡಿ. ಬಾಸ್‌ರ ವಿಷಯದಲ್ಲಾದರೆ ಅವರ ಹೇಳಿಕೆ ಮತ್ತು ಲೀ ಅವರ ನಿರಾಕರಣೆ ಒಂದೇ ವಾಕ್ಯದಲ್ಲಿರಲಿ, ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಚದುರಿಸಬೇಡಿ.