ಎಮ್ಮೆಗೆ ಹಸಿರು ಮೇವು ಬೇಕಾ? ನೇಪಿಯರ್ ಹುಲ್ಲು ಹಚ್ಚಿ

ಕಲಬುರಗಿ ಕಡೆ ಬೇಸಿಗೆಯಲ್ಲಿ ಜೋಳದ ಕಣಕಿ, ತೊಗರಿ ಹೊಟ್ಟು ಬಿಟ್ಟರೆ ಬೇರೆ ಮೇವು ಸಿಗೋದು ಕಷ್ಟ. ಬೋರ್‌ವೆಲ್ ಇದ್ದವರು ಎರಡು ಗುಂಟೆಯಲ್ಲಾದರೂ ನೇಪಿಯರ್ ಹುಲ್ಲು ಹಚ್ಚಿ.

ಬೀಜ ಹುಡುಕಬೇಡಿ, ಹೈಬ್ರಿಡ್ ನೇಪಿಯರ್ ಬೀಜದಿಂದ ಬೆಳೆಯೋದಿಲ್ಲ. ಬಲಿತ ಕಾಂಡವನ್ನು ಎರಡು ಮೂರು ಗಣ್ಣು ಇರುವ ಹಾಗೆ ಕತ್ತರಿಸಿ, ಒಂದು ಗಣ್ಣಾದರೂ ಮಣ್ಣೊಳಗೆ ಹೋಗುವಂತೆ, ಸಾಲಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟು ನೆಡಿ. ನಮ್ಮ ಕರಿ ಮಣ್ಣಲ್ಲಿ ಮಳೆ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೇ ಬೋದಿನ ಮೇಲೆ ನೆಡೋದು ಒಳ್ಳೇದು.

ಮೊದಲ ಕೊಯ್ಲು 75 ದಿನದ ಸುಮಾರಿಗೆ, ಆಮೇಲೆ 45 ದಿನಕ್ಕೊಮ್ಮೆ. ಬುಡದಲ್ಲಿ ಅರ್ಧ ಗೇಣು ಬಿಟ್ಟು ಕೊಯ್ದರೆ ಬೇಗ ಚಿಗುರುತ್ತದೆ.

ಇದೊಂದನ್ನೇ ಹಾಕಬೇಡಿ. ಇದರಲ್ಲಿ ಆಕ್ಸಲೇಟ್ ಜಾಸ್ತಿ, ಅದರಿಂದ ದನಕ್ಕೆ ಕ್ಯಾಲ್ಸಿಯಂ ಸರಿಯಾಗಿ ಸಿಗೋದಿಲ್ಲ. ಸಣ್ಣಗೆ ತುಂಡು ಮಾಡಿ, ಕಣಕಿ ಮತ್ತು ಕುದುರೆ ಮಸಾಲೆ ಸೊಪ್ಪಿನ ಜೊತೆ ಬೆರೆಸಿ ಹಾಕಿ.

ಮೇವು ಸಾಲದು ಅಂತ ಮಳೆ ಇಲ್ಲದೆ ಬಾಡಿದ ಎಳೆ ಜೋಳವನ್ನು ಮಾತ್ರ ದಯವಿಟ್ಟು ಹಾಕಲೇಬೇಡಿ. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ಚೆನ್ನಾಗಿದ್ದ ಎಮ್ಮೆ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ತಿಂದ ಮೇಲೆ ಉಸಿರಾಡೋಕೆ ಒದ್ದಾಡಿದರೆ ಮನೆ ಮದ್ದು ಅಂತ ಕೂರದೆ ತಕ್ಷಣ ಪಶು ವೈದ್ಯರನ್ನು ಕರೆಸಿ.