ಮೊಮ್ಮಕ್ಕಳ ಕೈಗೆ ಬೈನಾಕ್ಯುಲರ್ ಕೊಡುವ ಮುಂಚೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಭಾನುವಾರ ಬೆಳಿಗ್ಗೆ ಈ ನೋಟ ತಪ್ಪದೆ ಸಿಗುತ್ತದೆ. ಒಬ್ಬ ತಾತ, ಒಂದು ಮೊಮ್ಮಗು, ಮಗುವಿನ ಕುತ್ತಿಗೆಯಲ್ಲಿ ಹೊಸ ಬೈನಾಕ್ಯುಲರ್. ತಾತ ಕೈ ಚಾಚಿ, "ಅಲ್ಲಿ ನೋಡು, ಆ ಕೊಂಬೆ ಮೇಲೆ, ಅಯ್ಯೋ ಅದಲ್ಲ, ಅದರ ಪಕ್ಕದ್ದು" ಅನ್ನುತ್ತಾರೆ. ಮಗು ಬೈನಾಕ್ಯುಲರನ್ನು ಆಕಾಶಕ್ಕೆ, ನೀರಿಗೆ, ಕೊನೆಗೆ ತಾತನ ಮೂಗಿಗೆ ತಿರುಗಿಸುತ್ತದೆ. "ಕಾಣಿಸ್ತಾ?" "ಹೂಂ." ಏನೂ ಕಂಡಿರುವುದಿಲ್ಲ. ತಾತನಿಗೆ ಬೇಜಾರಾಗದಿರಲಿ ಅಂತ ಹೇಳಿದ ಹೂಂ ಅದು. ಮುಂದಿನ ಭಾನುವಾರ ಕರೆದರೆ ಹೋಂವರ್ಕ್ ಇದೆ ಅನ್ನುತ್ತದೆ.

ನಾನೂ ಇದನ್ನೇ ಮಾಡಿದವನು. ಮಗನ ಪಾಲಿಗೆ ಪೂರ್ತಿ ಕೆಡಿಸಿದೆ. ಈಗ ನಲವತ್ತಾದ ಅವನು, "ಹಕ್ಕಿ ಅಂದ್ರೆ ನೀವು ಬೈದದ್ದೇ ನೆನಪಪ್ಪ" ಅನ್ನುತ್ತಾನೆ. ಮೊಮ್ಮಗಳ ಹೊತ್ತಿಗೆ ಸ್ವಲ್ಪ ಬುದ್ಧಿ ಬಂತು. ಹೇಗೆ ಮಾಡಿದೆ ಅನ್ನುವುದನ್ನು ಬರೆಯುತ್ತೇನೆ. ಎಂಟು ವರ್ಷದ ಆಚೀಚೆಯ ಮಗು ಅಂತ ಇಟ್ಟುಕೊಳ್ಳಿ.

ಮೊದಲು ಕಿವಿ

ಮೊದಲ ಒಂದು ತಿಂಗಳು ಏನೂ ಕೊಳ್ಳಬೇಡಿ. ನಮ್ಮಪ್ಪ ಬೈನಾಕ್ಯುಲರ್ ಕಂಡವರೇ ಅಲ್ಲ. ತಿ. ನರಸೀಪುರದ ಕಡೆ ಗದ್ದೆ. ರಾತ್ರಿ ನೀರು ಕಟ್ಟಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕತ್ತಲಲ್ಲಿ ಟಿಟ್ಟಿಭ ಕಿರುಚಿಕೊಂಡರೆ ನಿಂತುಬಿಡುತ್ತಿದ್ದರು. "ಯಾಕೆ ಕೂಗ್ತು ಹೇಳು ಮಗಾ?" ಅದರ ಮೊಟ್ಟೆ ಇರುವುದು ಬಯಲು ನೆಲದಲ್ಲೇ. ಆ ಕಡೆ ಯಾರು ನಡೆದರೂ, ನಾಯಿಯೋ ನರಿಯೋ ಮನುಷ್ಯನೋ, ಅದು ಊರಿಗೆಲ್ಲ ಸಾರುತ್ತದೆ. ಹಗಲಲ್ಲಿ ಬೇಲಿಯ ಹರಟೆಮಲ್ಲಗಳು ಒಟ್ಟಿಗೆ ಗಲಾಟೆ ಎಬ್ಬಿಸಿದರೆ ಅಲ್ಲಿ ಹಾವೋ ಬೆಕ್ಕೋ ಇದೆ ಅಂತ ಲೆಕ್ಕ. ಅಪ್ಪ ಹೆಸರು ಹೇಳುತ್ತಿದ್ದದ್ದು ಕಡಿಮೆ, ಕೇಳುತ್ತಿದ್ದದ್ದೇ ಜಾಸ್ತಿ.

ಅದನ್ನೇ ಮಾಡಿ. ಬೆಳಿಗ್ಗೆ ಮಹಡಿಯ ಮೇಲೆ ಹತ್ತು ನಿಮಿಷ ಸುಮ್ನೆ ಕೂತರೆ ಸಾಕು. ಕಣ್ಣು ಮುಚ್ಚಿ ಎಷ್ಟು ಬಗೆಯ ಕೂಗು ಅಂತ ಬೆರಳಲ್ಲಿ ಎಣಿಸಲಿ. ನಮ್ಮ ಬಡಾವಣೆಯಲ್ಲೇ ಪಿಕಳಾರ, ಗೊರವಂಕ, ಬಾಲ ನೆಟ್ಟಗೆ ಎತ್ತುವ ಮಡಿವಾಳ, ದಾಸವಾಳಕ್ಕೆ ಬರುವ ಸೂರಕ್ಕಿ, ತೆಂಗಿನ ಗರಿಯೊಳಗಿಂದ ಊಪ್ ಊಪ್ ಅನ್ನುವ ಕೆಂಬೂತ ಸಿಗುತ್ತವೆ.

ಮೆರ್ಲಿನ್ ಅನ್ನುವ ಆ್ಯಪ್ ಕೂಗು ಕೇಳಿಸಿಕೊಂಡೇ ಹಕ್ಕಿಯ ಹೆಸರು ಹೇಳುತ್ತದೆ. ನನ್ನ ಫೋನಿನಲ್ಲೂ ಇದೆ. ಆದರೆ ಈ ಒಂದು ತಿಂಗಳು ಅದು ಜೇಬಿನಿಂದ ಆಚೆ ಬರಬಾರದು. ಹೆಸರು ಸಿಕ್ಕಿದ ಕೂಡಲೇ ಮಗು ಹಕ್ಕಿಯನ್ನು ನೋಡುವುದು ಬಿಟ್ಟುಬಿಡುತ್ತದೆ. ಇನ್ನು ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಚಾಳಿ ಇದೆಯಲ್ಲ, ಅದಂತೂ ಬೇಡವೇ ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಫೋಟೊ, ಅದಕ್ಕೆ ತಲೆಬಿಸಿ.

ಕೊಳ್ಳುವುದು

ಬೈನಾಕ್ಯುಲರ್ ಮೇಲೆ 8×42, 8×30, 6×30 ಅಂತ ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನಮ್ಮವರು ಅಂಗಡಿಗೆ ಹೋಗಿ ಮೊದಲ ಅಂಕಿ ಯಾವುದು ಜಾಸ್ತಿಯೋ ಅದನ್ನೇ ಎತ್ತಿಕೊಂಡು ಬರುತ್ತಾರೆ. ಎಡವುವುದು ಇಲ್ಲೇ. ಇಪ್ಪತ್ತು ಪಟ್ಟು ಹಕ್ಕಿ ದೊಡ್ಡದಾದರೆ ಕೈನಡುಕವೂ ಇಪ್ಪತ್ತು ಪಟ್ಟು ದೊಡ್ಡದಾಗುತ್ತದೆ. ಕಾಣುವ ಜಾಗವೂ ಕಿರಿದಾಗುತ್ತದೆ. ಕೀಲಿಕೈ ತೂತಿನಲ್ಲಿ ಜಾತ್ರೆ ನೋಡಿದ ಹಾಗೆ. ಮಗುವಿಗೆ 6×30 ಸಿಕ್ಕರೆ ಅದೇ, ಸಿಗದಿದ್ದರೆ 8×30. ಹತ್ತು ಪಟ್ಟಿನದು ಬೇಡ.

ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ ಕೆಂಪಗೆ ಮಿನುಗುವ ಗಾಜಿನದು ಬರುತ್ತದೆ. ನೋಡಲು ಬಲು ಗತ್ತು. ಆ ಗಾಜು ಕೆಂಪು ಬೆಳಕನ್ನು ವಾಪಸ್ ಕಳಿಸಿಬಿಡುತ್ತದೆ. ಒಳಗಿಂದ ನೋಡಿದರೆ ಎಲ್ಲ ಪಾಚಿ ಬಣ್ಣ. ಪಿಕಳಾರದ ಬಾಲದಡಿಯ ಕೆಂಪೇ ಮಂಕಾದರೆ ಮಗು ಇನ್ನೇನು ನೋಡಬೇಕು? "ನೈಟ್ ವಿಷನ್" ಅಂತ ಡಬ್ಬಿಯ ಮೇಲೆ ಬರೆದ ಅಗ್ಗದ ಮಾಲನ್ನೂ ನಂಬಬೇಡಿ. ನಾನು ಒಂದಕ್ಕೆ ದುಡ್ಡು ಕೊಟ್ಟು ಮೋಸ ಹೋಗಿದ್ದೇನೆ. ಒಂಬತ್ತನೇ ದಿನ ಅದರ ತಿರುಗಣೆ ಕೈಗೇ ಬಂತು.

ಮಗುವನ್ನು ಅಂಗಡಿಗೆ ಕರೆದುಕೊಂಡೇ ಹೋಗಿ. ದೊಡ್ಡವರ ಎರಡು ಕಣ್ಣಪಾಪೆಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರ. ಏಳೆಂಟು ವರ್ಷದ ಮಗುವಿಗೆ 55ರ ಆಸುಪಾಸು. ಹಲವು ಬೈನಾಕ್ಯುಲರುಗಳು ಪೂರ್ತಿ ಮಡಚಿದರೂ 56ಕ್ಕಿಂತ ಕೆಳಗೆ ಬರುವುದಿಲ್ಲ. ಆಗ ಮಗು ಒಂದೇ ಕಣ್ಣಲ್ಲಿ ನೋಡುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅಂಗಡಿ ಬಾಗಿಲಲ್ಲಿ ನಿಂತು ಎದುರಿನ ಕರೆಂಟ್ ತಂತಿ ನೋಡಿಸಿ. ತಂತಿ ಒಂದೇ ಕಾಣಬೇಕು. ಎರಡು ಕಂಡರೆ ಒಳಗಿನ ಗಾಜುಗಳು ಜರುಗಿವೆ ಅಂತ, ಮುಲಾಜಿಲ್ಲದೆ ವಾಪಸ್ ಕೊಡಿ.

ಹೊಂದಿಸುವುದು: ಎಲ್ಲರೂ ಹಾರಿಸುವ ಹೆಜ್ಜೆ

ಇದನ್ನು ಮನೆಯಲ್ಲೇ ಮಾಡಿ. ಕೆರೆ ಹತ್ತಿರ ಮಾಡಹೋದರೆ ಆಗದು. ಹಕ್ಕಿ ಕಾಯುವುದಿಲ್ಲ, ಮಗುವೂ ಕಾಯುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು ಖಡಾಖಂಡಿತ ಹೇಳಿಬಿಡಿ. ಬೈನಾಕ್ಯುಲರಿನಲ್ಲಿ ಸೂರ್ಯನ ಕಡೆ ನೋಡಬಾರದು. ಒಂದು ಕ್ಷಣಕ್ಕೂ ಕೂಡದು. ಕಣ್ಣು ಸುಟ್ಟುಹೋಗುತ್ತದೆ.

ಕನ್ನಡಕ ಹಾಕುವ ಮಗುವಾದರೆ ಕನ್ನಡಕ ತೆಗೆಸಬೇಡಿ. ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಕೆಳಗೆ ಮಡಚಿ ಅಥವಾ ತಿರುಗಿಸಿ ಇಳಿಸಿ. ಕನ್ನಡಕ ಇಲ್ಲದಿದ್ದರೆ ಬಟ್ಟಲು ಮೇಲೆ ಇರಲಿ. ಆಮೇಲೆ ಎರಡು ಕೊಳವೆಗಳನ್ನು ಹಿಡಿದು ಪುಸ್ತಕ ಮಡಚುವ ಹಾಗೆ ನಿಧಾನವಾಗಿ ಹತ್ತಿರ ತರಲು ಹೇಳಿ. ಎರಡು ದುಂಡಗಿನ ಕಿಟಕಿ ಸೇರಿ ಒಂದೇ ದುಂಡು ಆಗುವವರೆಗೆ. "ಎಷ್ಟು ಚಂದ್ರ ಕಾಣ್ತಾ ಇದೆ ಪುಟ್ಟಿ?" ಅಂತ ಕೇಳಿ. "ಒಂದೇ ತಾತ" ಅಂದ ಮೇಲೆ ಮುಂದಕ್ಕೆ ಹೋಗಿ.

ಈಗ ಮುಖ್ಯವಾದದ್ದು. ನಮ್ಮ ಎರಡು ಕಣ್ಣಿನ ಶಕ್ತಿ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಅದಕ್ಕೇ ಬೈನಾಕ್ಯುಲರಿನಲ್ಲಿ ಎರಡು ತಿರುಗಣೆ. ನಡುವಿನದು ಎರಡೂ ಕಣ್ಣಿಗೆ. ಬಲಗಣ್ಣಿನ ಹತ್ತಿರ ಇರುವ ಸಣ್ಣ ಬಳೆ ಬಲಗಣ್ಣಿಗೆ ಮಾತ್ರ. ಈ ಬಳೆಯನ್ನು ಮುಟ್ಟದೆಯೇ ವರ್ಷಗಟ್ಟಲೆ ಬೈನಾಕ್ಯುಲರ್ ಹಿಡಿದವರನ್ನು ನಾನು ಬಲ್ಲೆ. ಅವರಿಗೆ ಅರ್ಧ ಗಂಟೆಗೇ ತಲೆನೋವು.

ಪುಸ್ತಕದಲ್ಲಿ "ಬಲಗಣ್ಣು ಮುಚ್ಚಿ" ಅಂತ ಬರೆದಿರುತ್ತದೆ. ಮಕ್ಕಳಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ಇಡೀ ಮುಖ ಹಿಂಡಿಕೊಂಡು ಎರಡೂ ಮುಚ್ಚುತ್ತವೆ. ಕಣ್ಣಿನ ಬದಲು ಗಾಜು ಮುಚ್ಚಿ. ನೀವು ಮಗುವಿನ ಪಕ್ಕ ಕೂತು, ಮುಂದಿನ ಬಲಗಡೆ ಗಾಜಿಗೆ ಅಂಗೈ ಅಡ್ಡ ಹಿಡಿಯಿರಿ. ಮಗು ಎರಡೂ ಕಣ್ಣು ಬಿಟ್ಟುಕೊಂಡೇ ಇರಲಿ. ದೂರದ ಒಂದು ಅಂಗಡಿ ಬೋರ್ಡಿನ ಅಕ್ಷರ ಓದಿಸಿ. ಅಕ್ಷರ ಚೂಪಾಗುವ ತನಕ ನಡುವಿನ ತಿರುಗಣೆ ತಿರುಗಿಸಲಿ. ನೀವು ತಿರುಗಿಸಬೇಡಿ, ನಿಮ್ಮ ಕಣ್ಣು ಬೇರೆ. ಆಮೇಲೆ ಅಂಗೈಯನ್ನು ಎಡಗಡೆ ಗಾಜಿಗೆ ಹಿಡಿಯಿರಿ. ಈಗ ನಡುವಿನ ತಿರುಗಣೆ ಮುಟ್ಟುವಂತಿಲ್ಲ, ಬಲಗಣ್ಣಿನ ಬಳೆ ಮಾತ್ರ. ಅದೇ ಬೋರ್ಡು, ಅದೇ ಅಕ್ಷರ. ಚೂಪಾದ ಕೂಡಲೇ ಕೈ ತೆಗೆಯಿರಿ. ನನ್ನ ಮೊಮ್ಮಗಳು ಆಗ "ಅಯ್ಯೋ, ಹತ್ರಾನೇ ಬಂತು!" ಅಂದಳು. ಬಳೆ ನಿಂತ ಜಾಗಕ್ಕೆ ಅವರಮ್ಮನ ಉಗುರುಬಣ್ಣದಲ್ಲಿ ಒಂದು ಚುಕ್ಕೆ ಇಟ್ಟೆವು. ಯಾರಾದರೂ ಅಲುಗಾಡಿಸಿದರೂ ಚುಕ್ಕೆಗೆ ತಂದರೆ ಮುಗಿಯಿತು.

ಎತ್ತುವುದು: ಹಕ್ಕಿ ತಪ್ಪಿಹೋಗುವ ಜಾಗ

ಮಗು ಮಾಡುವುದು ಏನು ಗೊತ್ತಾ? ಹಕ್ಕಿ ನೋಡುತ್ತದೆ. ತಲೆ ತಗ್ಗಿಸಿ ಬೈನಾಕ್ಯುಲರ್ ನೋಡುತ್ತದೆ. ಅದನ್ನು ಕಣ್ಣಿಗಿಟ್ಟುಕೊಂಡು ಹಕ್ಕಿಯನ್ನು ಹುಡುಕಲು ಶುರು ಮಾಡುತ್ತದೆ. ಆ ಹೊತ್ತಿಗೆ ಹಕ್ಕಿ ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ.

ನಿಯಮ ಒಂದೇ: ಕಣ್ಣು ಹಕ್ಕಿ ಬಿಟ್ಟು ಕದಲಬಾರದು. ತಲೆ ಅಲ್ಲಾಡಬಾರದು. ಕೈ ತಾನಾಗಿ ಬೈನಾಕ್ಯುಲರನ್ನು ಎತ್ತಿ ಕಣ್ಣಿಗೂ ಹಕ್ಕಿಗೂ ನಡುವೆ ತಂದು ಇಡಬೇಕು. ಹೇಳಲು ಸುಲಭ. ಬರಲು ನಮ್ಮ ಮನೆಯಲ್ಲಿ ನಾಲ್ಕು ದಿನ ಹಿಡಿಯಿತು.

ಕುತ್ತಿಗೆಯ ಪಟ್ಟಿ ಮೊದಲು ಗಿಡ್ಡ ಮಾಡಿ. ಬೈನಾಕ್ಯುಲರ್ ಎದೆಯ ನಡುವೆ ತೂಗಬೇಕು. ಹೊಟ್ಟೆಗೆ ಬಡಿಯುತ್ತಿದ್ದರೆ ಪಟ್ಟಿ ಉದ್ದ ಅಂತ. ಆಮೇಲೆ ಮಹಡಿಯಲ್ಲಿ ಆಟ. ನೀರಿನ ಟ್ಯಾಂಕಿನ ಮೇಲಿನ ಅಕ್ಷರ, ತೆಂಗಿನ ಗೊನೆ, ಟ್ರಾನ್ಸ್‌ಫಾರ್ಮರ್ ಮೇಲಿನ ನಂಬರು, ಎದುರುಮನೆಯವರು ಒಣಹಾಕಿದ ಬಟ್ಟೆಯ ಕ್ಲಿಪ್ಪು. "ಟ್ಯಾಂಕು!" ಅಂದ ಕೂಡಲೇ ಎತ್ತಿ ಅಕ್ಷರ ಓದಬೇಕು. ಒಂದು ಸಲಕ್ಕೆ ಹತ್ತೇ ಬಾರಿ, ಕೈ ಸೋಲುತ್ತದೆ. ಮೊಣಕೈ ಎರಡೂ ಪಕ್ಕೆಲುಬಿಗೆ ಒತ್ತಿಕೊಂಡಿದ್ದರೆ ನಡುಕ ಅರ್ಧ ಇಳಿಯುತ್ತದೆ. ಗೋಡೆಗೆ ಒರಗಿದರೆ ಇನ್ನೂ ಒಳ್ಳೆಯದು. ಎದುರುಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ಬೇರೆ ರಾದ್ಧಾಂತ.

ಹಕ್ಕಿಯ ಜಾಗ ತೋರಿಸುವಾಗ ಕೈ ಬೀಸಬೇಡಿ. ಅದು ಹಾರಿಹೋಗುತ್ತದೆ. "ಅಲ್ಲಿ" ಅನ್ನುವ ಮಾತು ಮರೆತುಬಿಡಿ. ದಾರಿ ಹೇಳುವ ಹಾಗೆ ಹೇಳಿ. "ನೀರಲ್ಲಿ ಒಣಗಿದ ಮರ ಇದೆಯಲ್ಲ, ಅದರ ಬುಡ ನೋಡು. ಮೇಲಕ್ಕೆ ಹತ್ತು. ಕವಲು ಸಿಕ್ತಾ? ಎಡಗಡೆ ಕೊಂಬೆ ಹಿಡಿ. ತುದಿಗೆ ಹೋಗು." ಮಗುವಿನ ಕಣ್ಣು ಇರುವೆಯ ಹಾಗೆ ಮರ ಹತ್ತಬೇಕು. ನೀವು ಬಗ್ಗಿ ಮಗುವಿನ ಎತ್ತರಕ್ಕೆ ಬಂದು ಹೇಳಿ. ನಿಮ್ಮ ಎತ್ತರದಿಂದ ಕಾಣುವ ಕೊಂಬೆ ಅದಕ್ಕೆ ಎಲೆಯ ಹಿಂದೆ ಇರುತ್ತದೆ. ಮಂಡಿ ನೋವಿದ್ದರೆ ಒಂದು ಮಡಚುವ ಸ್ಟೂಲ್ ಒಯ್ಯಿರಿ. ನಾನು ಒಯ್ಯುತ್ತೇನೆ, ನಾಚಿಕೆ ಏನಿಲ್ಲ.

"ಕಾಣಿಸ್ತಾ?" ಅಂತ ಕೇಳಬೇಡಿ. ಆಗಲೇ ಹೇಳಿದೆನಲ್ಲ, ಉತ್ತರ ಹೂಂ ಅಂತಲೇ ಬರುತ್ತದೆ. "ಕಾಲು ಯಾವ ಬಣ್ಣ?" ಅಂತ ಕೇಳಿ. ಕಂಡಿದ್ದರೆ ಹೇಳುತ್ತದೆ.

ಹೊರಡುವುದು

ಬೆಳಿಗ್ಗೆ ಆರೂವರೆಗೆ ಹೊರಟು ಎಂಟೂವರೆಗೆ ವಾಪಸ್. ಮಾಸಿದ ಬಣ್ಣದ ಬಟ್ಟೆ, ಟೋಪಿ, ನೀರು, ಬಾಳೆಹಣ್ಣು. ಕೋಡುಬಳೆ ಬೇಡ, ಕಡಿಯುವ ಸದ್ದಿಗೆ ನೀವೇ ನಗುತ್ತೀರಿ.

ಮೊದಲ ಸಲಕ್ಕೆ ಕದಲದೆ ಕೂರುವ ದೊಡ್ಡ ಹಕ್ಕಿ ಬೇಕು. ಕುಕ್ಕರಹಳ್ಳಿಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಬಿಸಿಲಿಗೆ ಕೂತಿರುತ್ತದೆ. ಮುಳುಗಿ ಮೀನು ಹಿಡಿಯುವಾಗ ರೆಕ್ಕೆ ನೆನೆಯುತ್ತದಲ್ಲ, ಒಣಗುವವರೆಗೆ ಅದಕ್ಕೆ ಬೇರೆ ಕೆಲಸವಿಲ್ಲ. ಅದಾದ ಮೇಲೆ ಬೆಳ್ಳಕ್ಕಿ, ಆಮೇಲೆ ಮಿಂಚುಳ್ಳಿ. ಎಲೆ ಮರೆಯಲ್ಲಿ ಕುಣಿಯುವ ಸಣ್ಣ ಹಕ್ಕಿಗಳ ತಂಟೆಗೆ ಆರು ತಿಂಗಳು ಹೋಗಬೇಡಿ.

ರಂಗನತಿಟ್ಟಿಗೆ ಮೊದಲ ಸಲವೇ ಕರೆದೊಯ್ಯಬೇಡಿ ಅನ್ನುವುದು ನನ್ನ ಹಟ. ದೋಣಿ ಗೂಡಿನ ಹತ್ತಿರವೇ ಹೋಗುತ್ತದೆ, ಬೈನಾಕ್ಯುಲರಿಗೆ ಕೆಲಸವಿಲ್ಲ. ಅಲ್ಲದೆ ಬಂಡೆಯ ಮೇಲೆ ಮೊಸಳೆ ಕಂಡ ಮೇಲೆ ಯಾವ ಮಗು ಹಕ್ಕಿ ನೋಡುತ್ತದೆ? ಚಳಿಗಾಲದಲ್ಲಿ ನಂಜನಗೂಡು ಕಡೆಯ ಹದಿನಾರು ಕೆರೆಗೆ ಹೋಗಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ. ತಲೆಯ ಹಿಂದೆ ಎಷ್ಟು ಕಪ್ಪು ಪಟ್ಟೆ ಅಂತ ಮಗುವೇ ಎಣಿಸಲಿ. (ಎರಡು. ಹೇಳಿಬಿಡಬೇಡಿ.) ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೂ ಚೆನ್ನ. ಅಲ್ಲಿ ಹೆಜ್ಜಾರ್ಲೆಗಳು ಮನೆ ಪಕ್ಕದ ಮರಗಳ ಮೇಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರು ಅವನ್ನು ನೋಡಿಕೊಳ್ಳುತ್ತಾರೆ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುವುದು

ತಾತಂದಿರಿಗೆ ಇದು ಬೈನಾಕ್ಯುಲರಿಗಿಂತ ಕಷ್ಟ. ಮೊಮ್ಮಗಳು ಕೇಳಿದಾಗ ಬಾಯಿಗೆ ಬಂದ ಹೆಸರು ಹೇಳಿ ನಾನು ಸಿಕ್ಕಿಬಿದ್ದಿದ್ದೇನೆ.

ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ಹುಡುಗನಾಗಿದ್ದಾಗ ಆಟದ ಕೋವಿಯಲ್ಲಿ ಒಂದು ಗುಬ್ಬಚ್ಚಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ. ತಂದೆ ತಾಯಿ ಇಲ್ಲದ ಅವರನ್ನು ಸಾಕಿದ ಮಾವ ಅಮೀರುದ್ದೀನ್ ತ್ಯಾಬ್ಜಿ ಒಳ್ಳೆಯ ಬೇಟೆಗಾರರು. ಆದರೂ ಆ ಹಕ್ಕಿ ಯಾವುದು ಅಂತ ಅವರಿಗೆ ತಿಳಿಯಲಿಲ್ಲ. ಅದನ್ನು ಮುಚ್ಚಿಡದೆ, ಹುಡುಗನ ಕೈಗೆ ಪತ್ರ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿ ಕಾರ್ಯದರ್ಶಿ ಮಿಲರ್ಡ್ ಒಂದೊಂದೇ ಡ್ರಾಯರ್ ಎಳೆದು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಹುಡುಗನೇ ಮುಂದೆ ಮೈಸೂರು ಮಹಾರಾಜರ ಮನವೊಲಿಸಿದ್ದು, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆದದ್ದು.

ಹಾಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಹೆಸರು ಗೊತ್ತಿಲ್ಲದ ಹಕ್ಕಿಯ ಚಿತ್ರ ಮಗು ಬರೆಯಲಿ. ಕೊಕ್ಕು, ಕಾಲು, ಬಾಲ ಇದ್ದರೆ ಸಾಕು. ಮನೆಗೆ ಬಂದು ಇಬ್ಬರೂ ಸೇರಿ ಪುಸ್ತಕದಲ್ಲಿ ಹುಡುಕಿ. ನಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಹಕ್ಕಿ ಇನ್ನೂ ಹಾಗೇ ಇವೆ. ಒಂದಕ್ಕೆ ಮೊಮ್ಮಗಳೇ "ಸಿಟ್ಟಿನ ಮೇಷ್ಟ್ರು" ಅಂತ ಹೆಸರಿಟ್ಟಿದ್ದಾಳೆ.

ಒರೆಸುವುದು, ಇಡುವುದು

ಗಾಜಿಗೆ ಉಗುಳು ಹಚ್ಚಿ ಪಂಚೆ ತುದಿಯಲ್ಲಿ ಒರೆಸುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಒರೆಸಿದರೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಬ್ಲೋವರಿನಲ್ಲಿ ಊದಿ. ಆಮೇಲೆ ಕನ್ನಡಕದ ಅಂಗಡಿಯ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಒರೆಸಿ.

ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿನೊಳಗೆ ಬೂಸ್ಟು ಬರುತ್ತದೆ. ಬಂದರೆ ಸುಲಭಕ್ಕೆ ಹೋಗುವುದಿಲ್ಲ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುತ್ತವಲ್ಲ, ಅವೇ ಸಾಕು. ಡಬ್ಬಿ ಮಾತ್ರ ಬೀರುವಿನ ಮೇಲೆ ಬೇಡ. ಕೆಂಬೂತ ಕೂಗಿದಾಗ ಮಗು ನಿಮ್ಮನ್ನು ಎಬ್ಬಿಸದೆ ತಾನೇ ತೆಗೆದುಕೊಳ್ಳುವ ಎತ್ತರದಲ್ಲಿ ಇರಲಿ.