ನಳದ ಲೆಕ್ಕ ಹಿಡಿದು ಡೆಂಗಿ ಅಂದಾಜು: ನನ್ನ ಅನುಭವ

ಕಲಬುರಗಿಯಲ್ಲಿ ಡೆಂಗಿ ಯಾವಾಗ ಏರುತ್ತೆ ಅಂತ ಮೂರು ವಾರ ಮುಂಚೆ ಹೇಳ್ತೀನಿ ಅಂದಾಗ ನಕ್ಕವರೇ ಜಾಸ್ತಿ. "ಏನ್ ಸರ, ಪಂಚಾಂಗ ಹೇಳ್ಲಿಕತ್ತೀರೇನು?" ಅಂದಿದ್ದರು ಪರಿಚಯದ ಡಾಕ್ಟರೊಬ್ಬರು. ಹೋದ ಮಳೆಗಾಲದಲ್ಲಿ ನಾನು ಬರೆದುಕೊಟ್ಟ ವಾರವೇ ಕೇಸು ಏರಿದವು. ಈಗ ಅವರೇ ಫೋನ್ ಮಾಡಿ ಕೇಳ್ತಾರೆ.

ಎಸ್‌ಐಆರ್ ಮಾಡೆಲ್ (ಸೋಂಕು ತಗುಲಬಹುದಾದವರು, ತಗುಲಿದವರು, ಗುಣವಾದವರು ಅಂತ ಊರನ್ನು ಮೂರು ಖಾನೆ ಮಾಡಿ ಹಾಕುವ ಲೆಕ್ಕ) ಬಗ್ಗೆ ಹೆಚ್ಚು ಹೇಳೋದು ಬೇಡ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯವರದೇ ಆದಮೇಲೆ ನಾವೆಲ್ಲ ಆ ಕರ್ವ್ ಬಿಡಿಸಿದವರೇ. ಅದಕ್ಕೆ ಸೊಳ್ಳೆಯ ಖಾನೆ ಸೇರಿಸಿ ಡೆಂಗಿಗೆ ಹಚ್ಚಿದೆ, ಕೈಕೊಟ್ಟಿತು. ವೈರಸ್ಸು ನಾಲ್ಕು ತರ. ಯಾರ ಮೈಯಲ್ಲಿ ಯಾವುದಕ್ಕೆ ತಡೆ ಇದೆಯೋ ಯಾರು ಬಲ್ಲರು? ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಜ್ವರವೇ ಬರಲ್ಲ. ಬೀಟಾ, ಅಂದರೆ ಸೋಂಕು ಹರಡುವ ವೇಗದ ಅಂಕಿ, ಸ್ವಲ್ಪ ಅಲುಗಿಸಿದರೆ ಲೆಕ್ಕದಲ್ಲಿ ಅರ್ಧ ಊರು ಮಲಗುತ್ತಿತ್ತು, ಇಲ್ಲಾ ಯಾರಿಗೂ ಏನೂ ಆಗುತ್ತಿರಲಿಲ್ಲ.

ಆಮೇಲೆ ನೆಗೆಟಿವ್ ಬೈನಾಮಿಯಲ್ ರಿಗ್ರೆಶನ್‌ಗೆ ಬಂದೆ. ಏರಿಳಿತ ಜಾಸ್ತಿ ಇರುವ ಕೇಸ್ ಎಣಿಕೆಯನ್ನು ಮಳೆ, ಉಷ್ಣಾಂಶದಂಥವಕ್ಕೆ ಜೋಡಿಸಿ ಅಂದಾಜು ಮಾಡುವ ಲೆಕ್ಕ ಅದು. ಮಳೆಯ ಡೇಟಾಗೆ ಎಂಟೊಂಬತ್ತು ಸಾವಿರ ಸುರಿದಿದ್ದು ದಂಡ. ಹಳೆ ಕೇಸ್ ಹಾಳೆ ಟೈಪ್ ಮಾಡಿಸಲು ಹುಡುಗರಿಗೆ ಹದಿನೈದು ಸಾವಿರದ ಹತ್ತಿರ ಹೋಯಿತು, ಅದು ಮಾತ್ರ ವಸೂಲಾಯಿತು. ರಿಪೋರ್ಟ್ ಬಂದ ದಿನ ಬಿಟ್ಟು ಜ್ವರ ಶುರುವಾದ ದಿನ ಹಿಡಿಯಲು ಸಾಧ್ಯವಾಯಿತು. ಲ್ಯಾಬ್ ತಡ ಮಾಡುವುದರಿಂದ ಕೊನೆಯ ಒಂದೆರಡು ವಾರದ ಸಂಖ್ಯೆ ಯಾವಾಗಲೂ ಕಮ್ಮಿ ಕಾಣುತ್ತೆ. ಅದನ್ನು ನೋಡಿ ಡೆಂಗಿ ಇಳೀತು ಅನ್ನಬೇಡಿ, ತಡದ ಲೆಕ್ಕ ಹಾಕಿ ತುಂಬಿಸಿಕೊಳ್ಳಿ. ಉಷ್ಣಾಂಶಕ್ಕೂ ಸರಳ ರೇಖೆ ಹಾಕಬೇಡಿ. ಡೆಂಗಿ ಜೋರಾಗಿ ಹರಡೋದು 29 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ಮೇ ತಿಂಗಳ 42ರಲ್ಲಿ ಸೊಳ್ಳೆ ಹೆಚ್ಚು ದಿನ ಬಾಳಲ್ಲ.

ಇಷ್ಟಾದರೂ ಮಾಡೆಲ್ ಸರಿ ಕೂರಲಿಲ್ಲ. ಮಳೆಯೇ ಇಲ್ಲದ ವಾರಗಳ ನಂತರವೂ ಕೇಸ್ ಏರುತ್ತಿದ್ದವು. ನಮ್ಮೂರಿನ ಬ್ರಹ್ಮಪುರ ಬಡಾವಣೆಯ ಒಂದು ಮನೆಯಲ್ಲಿ ಬ್ಯಾರಲ್ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆ. ಬೆಳಕು ಬಿದ್ದ ಕೂಡಲೇ ಮರಿಗಳು ಕೊಂಕುತ್ತಾ ತಳಕ್ಕಿಳಿದವು. "ನಳ ಬಂದು ಎಂಟ್ ದಿನ ಆಗ್ಯಾದ್ರಿ, ಹ್ಯಾಂಗ ಚೆಲ್ಲಬೇಕು?" ಅಂದರು ಮನೆಯಾಕೆ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ ಬ್ಯಾರಲ್ ಖಾಲಿ ಮಾಡಿ ತೊಳೀತಾರೆ. ಅಂತರ ಜಾಸ್ತಿಯಾದರೆ ಅದೇ ನೀರಲ್ಲಿ ಸೊಳ್ಳೆ ಹಾರಿಹೋಗುತ್ತೆ.

ವಾಲ್ವ್ ತಿರುಗಿಸುವ ಕಾಕಾ ಒಬ್ಬರ ಹತ್ತಿರ ನೀರು ಬಿಟ್ಟ ದಿನಗಳ ನೋಟ್‌ಬುಕ್ ಇತ್ತು. "ಡೆಂಗಿ ಗಿಂಗಿ ನನಗ ಗೊತ್ತಿಲ್ಲ ಸರ, ನೀರ ಬಿಟ್ಟಿದ್ದಷ್ಟು ಬರದೀನಿ" ಅಂತ ಕೊಟ್ಟರು. ಚಹಾದ ಖರ್ಚಲ್ಲಿ ಸಿಕ್ಕ ಡೇಟಾ! ಪ್ರತಿ ವಾರದ ಕೇಸಿಗೆ ಐದಾರು ವಾರ ಹಿಂದಿನ ನೀರಿನ ಅಂತರ ಜೋಡಿಸಿ ಮಾಡೆಲ್‌ಗೆ ಕೊಟ್ಟೆ. ಸೊಳ್ಳೆ ಬೆಳೆಯಲು, ಅದರ ಹೊಟ್ಟೆಯಲ್ಲಿ ವೈರಸ್ ಬಲಿಯಲು, ಕಚ್ಚಿದ ಮೇಲೆ ಜ್ವರ ಬರಲು ಅಷ್ಟು ಹಿಡಿಯುತ್ತೆ. ತಪ್ಪಿನ ಪ್ರಮಾಣ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ವಾರ್ಡುಗಳಿಗೆ ತೂಕ ಹೇಗೆ ಹಂಚಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚು. ಸೊಳ್ಳೆ ಮೊಟ್ಟೆ ಇಡಲಿ ಅಂತ ಕರಿ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು, ಒಳಗೆ ಬಟ್ಟೆಪಟ್ಟಿ. ಹತ್ತಾರು ಮನೆಗಳಲ್ಲಿಟ್ಟು ವಾರವಾರ ಭೂತಗನ್ನಡಿ ಹಿಡಿದು ಮೊಟ್ಟೆ ಎಣಿಸಿದೆ. ಮಗ್ಗಿಗೆ ಇಪ್ಪತ್ತು ರೂಪಾಯಿ, ಪೆಟ್ರೋಲಿಗೆ ಮಾತ್ರ ತಿಂಗಳಿಗೆ ಎರಡು ಸಾವಿರ. ಅರ್ಧ ಮಗ್ಗು ಮಕ್ಕಳ ಪಾಲಾದವು. ಉಳಿದವು ಅಂದಾಜಿಗೆ ಹೆಚ್ಚೇನೂ ಸೇರಿಸಲಿಲ್ಲ. ಆದರೆ ಒಣಗಿದ ಪಟ್ಟಿಯನ್ನು ತಿಂಗಳುಗಟ್ಟಲೆ ಎತ್ತಿಟ್ಟು ಮತ್ತೆ ನೆನೆಸಿದಾಗ ಮರಿ ಹೊರಬಂದವು. ಬ್ಯಾರಲ್ ಚೆಲ್ಲಿದರಷ್ಟೇ ಸಾಲದು, ಒಳಗೋಡೆ ಉಜ್ಜಬೇಕು ಅಂತ ಎಲ್ಲರಿಗೂ ಆ ಪಟ್ಟಿ ತೋರಿಸಿಯೇ ಹೇಳ್ತೀನಿ.

ಯಾದಗಿರಿಯ ಗೆಳೆಯರೊಬ್ಬರು ಮಾಡೆಲ್‌ನ ಫೈಲ್ ಕೇಳಿದ್ದಾರೆ. ಕಳಿಸಿದ್ದೇನೆ, ನಳದ ಕಾಲಂ ಖಾಲಿ ಬಿಟ್ಟು. ಅವರ ಊರಿನ ವಾಲ್ವ್ ಕಾಕಾನನ್ನು ಅವರೇ ಹುಡುಕಬೇಕು.